ಈಶಾನ್ಯಕ್ಕೆ ತಿರುಗಿದ ಹಳ್ಳ

“ಸಗಣಿ ಬಾಚೋ ಕೈ ಕಣ್ರಪ್ಪಾ ಇದು! ಇಂಜಿನಿಯರ್ ಹಾಕಿದ ಗೆರೆಗೇ ಬೆರಳು ತೋರಿಸ್ತಿದೆ, ನೋಡ್ಕೊಳ್ಳಿ!”

ಹೀಗಂದ ಬಿಲ್ಡರ್ ನರಸಿಂಹಯ್ಯ ಶರಣನ ಮುಂಗೈ ಹಿಡಿದು, ಗುದ್ದಲಿ ಪೂಜೆಗೆ ಬಂದಿದ್ದವರಿಗೆಲ್ಲ ಕಾಣುವ ಹಾಗೆ ಮೇಲಕ್ಕೆತ್ತಿದ. ಶಾಮಿಯಾನದ ಕೆಳಗೆ ಕೂತಿದ್ದ ಬಸವನಗುಡಿ, ಚಾಮರಾಜಪೇಟೆಯ ದೊಡ್ಡ ಮನುಷ್ಯರು ಬಾಯಲ್ಲಿ ಕೋಸಂಬರಿ ಇಟ್ಟುಕೊಂಡೇ ನಕ್ಕರು. ಅವರು ನಕ್ಕಿದ್ದಕ್ಕೆ ನರಸಿಂಹಯ್ಯನಿಗೆ ಇನ್ನಷ್ಟು ಹುರುಪು ಬಂತು.

“ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು. ಹಳ್ಳ ಹೆಂಗೆ ಹರಿಸ್ಬೇಕು ಅಂತ ನಮಗೆ ಹೇಳ್ಕೊಡೋಕೆ ಬಂದವ್ನೆ!”

ಕೈ ಬಿಡಿಸಿಕೊಳ್ಳುವುದು ಶರಣನಿಗೆ ದೊಡ್ಡ ಮಾತಾಗಿರಲಿಲ್ಲ. ಬೆದೆಗೆ ಬಂದ ಹಸುವನ್ನೇ ಒಂದು ಹಗ್ಗದಲ್ಲಿ ನಿಲ್ಲಿಸುವ ಕೈ ಅದು. ಬೇಕಿದ್ದರೆ ಅಲ್ಲೇ, ಆ ಪೂಜೆಯ ಕಲ್ಲಿನ ಮೇಲೇ ನರಸಿಂಹಯ್ಯನನ್ನು ಕೆಡವಬಹುದಿತ್ತು. ಆದರೆ ನಗುವವರ ಹಿಂದೆ ಅವನ ಅಮ್ಮ ಶೈಲಜಮ್ಮ ನಿಂತಿದ್ದಳು. ಪೂಜೆಗೆಂದು ತಂದ ಹಾಲಿನ ಚೊಂಬು ಎದೆಗೊತ್ತಿಕೊಂಡು, ಕಣ್ಣಲ್ಲೇ ಬೇಡ ಅನ್ನುತ್ತಿದ್ದಳು.

“ನರಸಿಂಹಯ್ಯನೋರೆ, ಮೊದಲು ಹುಡುಗನ ಕೈ ಬಿಡಿ” ಎಂದು ಒಂದು ಹೆಣ್ಣುದನಿ ಬಂತು. ರಂಗನಾಯಕಿ ಮಿಸ್. ಶರಣ ಸ್ಕೂಲು ಬಿಡುವವರೆಗೆ ಅವನಿಗೆ ಕನ್ನಡ ಹೇಳಿಕೊಟ್ಟವರು, ಈಗಲೂ ಇವರ ಮನೆ ಹಾಲನ್ನೇ ತೆಗೆದುಕೊಳ್ಳುವವರು. ಇಲ್ಲಿ ಏಳಲಿದ್ದ ಅಪಾರ್ಟ್‌ಮೆಂಟಿನಲ್ಲಿ ನೆಲದ ಅಂತಸ್ತಿನ ಮನೆಗೆ ಮೊದಲು ಹೆಸರು ಬರೆಸಿದ್ದು ಅವರೇ. ಗಂಡ ಶೀನಣ್ಣನಿಗೆ ಲಕ್ವ ಹೊಡೆದು ಮೈಯ ಒಂದು ಭಾಗ ಪೂರ್ತಿ ಸ್ವಾಧೀನವಿರಲಿಲ್ಲ. ಬಾಡಿಗೆ ಮನೆಯ ಮಹಡಿ ಮೆಟ್ಟಿಲಲ್ಲಿ ಅವರನ್ನು ಹೊತ್ತು ಇಳಿಸಿ ಹತ್ತಿಸಿ ಸಾಕಾಗಿತ್ತು.

ಗಿರಾಕಿ ಹೇಳಿದ ಮೇಲೆ ನರಸಿಂಹಯ್ಯ ಕೈ ಬಿಟ್ಟ. “ತಮಾಷೆಗೆ ಮೇಡಂ, ನಮ್ಮ ಹುಡುಗನೇ” ಅಂದ.

ಶರಣ ಕೇಳಿದ್ದಾದರೂ ಏನು? ಹಳ್ಳವನ್ನು ನಮ್ಮ ಕೊಟ್ಟಿಗೆ ಮುಂದಕ್ಕೆ ತಿರುಗಿಸುತ್ತೀರಲ್ಲ, ಮಳೆಗಾಲದಲ್ಲಿ ನಮ್ಮ ದನಗಳ ಗತಿ ಏನು? ಇಷ್ಟೇ.

ಗವಿಪುರಂ ಗುಡ್ಡದಿಂದ ಇಳಿದು ಬರುವ ಹಳ್ಳ ಅದು. ಹೆಸರಿಲ್ಲ, ಗುಡಿಯಿಲ್ಲ, ಅದಕ್ಕೊಂದು ಬಾಗಿನ ಬಿಟ್ಟವರಿಲ್ಲ. ಬೇಸಿಗೆಯಲ್ಲಿ ನೆರಿಗೆ ಎತ್ತದೆ ದಾಟುವಷ್ಟು ನೀರು. ಮಳೆ ಹಿಡಿಯಿತೋ, ಮೈಮೇಲೆ ದೇವರು ಬಂದ ಹಾಗೆ. ಖಾಲಿ ಸೈಟಿನ ನೈಋತ್ಯದ ಅಂಚು ಹಿಡಿದು ಹರಿದು, ಕೆಳಗೆ ದೊಡ್ಡ ಕಾಲುವೆ ಸೇರುತ್ತಿತ್ತು. ಅದೇ ಸೈಟಿನ ಆಚೆ ತುದಿಗೆ, ಈಶಾನ್ಯದ ಮೂಲೆಗೆ ಅಂಟಿಕೊಂಡು ಶೈಲಜಮ್ಮನ ಕೊಟ್ಟಿಗೆ. ಪೇಟೆಯಲ್ಲಿ ಹಗ್ಗದ ಅಂಗಡಿ ಮುಳುಗಿದ ಮೇಲೆ ಶರಣನ ಅಪ್ಪ ರೇವಣಸಿದ್ದಯ್ಯ ಉಳಿದಿದ್ದನ್ನೆಲ್ಲ ಸುರಿದು ಕಟ್ಟಿದ್ದು. ಕೊಟ್ಟಿಗೆ ಮುಗಿಸಿದ, ಆಮೇಲೆ ತಾನೂ ಮುಗಿದ. ಅಮ್ಮ ಮಗನ ಹೊಟ್ಟೆ ನಡೆಯುತ್ತಿದ್ದುದು ಅಲ್ಲಿ ಕಟ್ಟಿದ್ದ ಹಸುಗಳಿಂದ. ಆ ಕೊಟ್ಟಿಗೆ ಹೋದರೆ ಹಸು ಕಟ್ಟಲು ಊರೊಳಗೆ ಇನ್ನೊಂದು ಅಂಗೈಯಗಲ ಜಾಗವನ್ನು ಯಾರು ಕೊಡುತ್ತಾರೆ? ಹಸು ಸಾಕುವವನಿಗೆ ಮನೆ ಬಾಡಿಗೆಗೆ ಕೊಡಲೂ ಮೂಗು ಮುಚ್ಚುವ ಊರು ಇದು.

ಹಳ್ಳಕ್ಕೆ ಏನು ರೋಗ ಬಂದಿತ್ತು, ತಿರುಗಿಸಬೇಕು ಅನ್ನುವುದಕ್ಕೆ? ರೋಗ ಬಂದಿದ್ದು ಊರಿಗೆ. ತೊಂಬತ್ತೇಳನೆಯ ಇಸವಿ, ವಾಸ್ತು ಹುಚ್ಚು ಬೆಂಗಳೂರಿಗೆ ನೆತ್ತಿಗೇರಿದ್ದ ಕಾಲ. ಚೆನ್ನಾಗಿದ್ದ ಬಾಗಿಲು ಒಡೆದು ಗೋಡೆ ಎತ್ತುತ್ತಿದ್ದರು, ಚೆನ್ನಾಗಿದ್ದ ಗೋಡೆ ಒಡೆದು ಬಾಗಿಲು ಇಡುತ್ತಿದ್ದರು. ನರಸಿಂಹಯ್ಯ ಕರೆಸಿದ ವಾಸ್ತು ಪಂಡಿತ ಸಫಾರಿ ಸೂಟು ಹಾಕಿಕೊಂಡು, ದಿಕ್ಸೂಚಿಯನ್ನು ಅಂಗೈ ಮೇಲಿಟ್ಟುಕೊಂಡು ಸೈಟು ಸುತ್ತಿದ. ನೈಋತ್ಯದಲ್ಲಿ ನೀರು ಹರಿದರೆ ಯಜಮಾನನಿಗೆ ಕೇಡು, ಈಶಾನ್ಯದಲ್ಲಿ ಹರಿದರೆ ಲಕ್ಷ್ಮಿ ಕಾಲು ಮುರಿದುಕೊಂಡು ಬಿದ್ದಿರುತ್ತಾಳೆ ಅಂದ. ಇಂಜಿನಿಯರ್ ಸಮರ್ಥ, ಆಗಷ್ಟೇ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದ ಹುಡುಗ, “ಸಾರ್, ಆದ್ರೆ ತಗ್ಗು ಇರೋದೇ ನೈಋತ್ಯದಲ್ಲಿ” ಅಂದನಂತೆ. “ದುಡ್ಡು ಹಾಕ್ತಿರೋನು ನಾನು. ತಗ್ಗು ಎಲ್ಲಿರ್ಬೇಕು ಅಂತ ನಾನು ಹೇಳ್ತೀನಿ” ಅಂದನಂತೆ ನರಸಿಂಹಯ್ಯ. ಸಮರ್ಥ ಬಾಯಿ ಮುಚ್ಚಿಕೊಂಡು ನಕ್ಷೆ ಬದಲಾಯಿಸಿದ. ಹದಿನಾರು ವರ್ಷ ಓದಿದವನ ಬಾಯಿ ಅಷ್ಟು ಬೇಗ ಮುಚ್ಚುತ್ತದೆ.

ಗುದ್ದಲಿ ಪೂಜೆಯ ಜನ ಚೆದುರುವಾಗ ಶೈಲಜಮ್ಮ ಚೊಂಬು ಹಿಡಿದೇ ನರಸಿಂಹಯ್ಯನ ಎದುರು ಹೋದಳು.

“ಸ್ವಾಮಿ, ಮಗ ಹೇಳಿದ್ದು ಒರಟಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ. ಆದ್ರೆ ಅವ್ನು ಕೇಳಿದ್ದು ಸುಳ್ಳಲ್ಲ.”

“ಶೈಲಜಮ್ನೋರೆ, ಗೋಮಾತೆಗೆ ನೀರು ನುಗ್ಗೋಕೆ ಬಿಡ್ತೀನಾ ನಾನು? ನಿಮ್ಮ ಕಡೆಗೆ ಸೈಜುಗಲ್ಲಿನ ಗೋಡೆ ಎತ್ತಿಸ್ಕೊಡ್ತೀನಿ. ಆಳೆತ್ತರ. ಹಸು ಆರಾಮಾಗಿ ನಿದ್ದೆ ಮಾಡ್ಬೇಕು, ಹಂಗೆ.”

ಅವಳು ಹಾಲಿನ ಚೊಂಬನ್ನು ಅವನ ಕೈಗೆ ಕೊಟ್ಟು ಬಂದಳು. ದಾರಿಯಲ್ಲಿ ಶರಣ ಹಲ್ಲು ಕಡಿದ. “ಮೂಗಿಗೆ ತುಪ್ಪ ಸವರ್ದ, ನೀನು ನೆಕ್ಕೊಂಡು ಬಂದೆ.”

“ನಿನ್ನ ಕೋಪ ಗೋಡೆ ಕಟ್ಟುತ್ತೇನೋ?” ಅಂದಳು ಅಮ್ಮ.

ಕೆಲಸ ಶುರುವಾಯಿತು. ಊರಲ್ಲಿ ಒಡೆದ ಹಳೇ ಮನೆಗಳ ಮಣ್ಣು, ಇಟ್ಟಿಗೆ, ತೊಲೆಯ ಚೂರು, ಒಡೆದ ಒಳಕಲ್ಲು ಎಲ್ಲ ಟಿಪ್ಪರಿನಲ್ಲಿ ಬಂದು ಹಳ್ಳದ ಹೊಟ್ಟೆಗೆ ಬಿತ್ತು. ಮೇಲಿನಿಂದ ಬರುವ ನೀರನ್ನು ಸಿಮೆಂಟಿನ ಮೋರಿಗೆ ಹಾಕಿ, ಸೈಟಿನ ಮಗ್ಗುಲಿಗೆ ತಂದು, ಕೊಟ್ಟಿಗೆಯ ಮುಂದೆ ಮೊಣಕೈ ಮಡಚಿದ ಹಾಗೆ ತಿರುಗಿಸಿದರು. ಎಮ್ಮೆ ಮಲಗುವಷ್ಟು ಅಗಲವಿದ್ದ ಹಳ್ಳ ಕರು ಮಲಗುವಷ್ಟಾಯಿತು. ಮುಚ್ಚಿದ ಜಾಗದ ಮೇಲೆ ರೋಲರ್ ಓಡಿಸಿದರು. ಆದರೂ ಸುತ್ತಲ ಮಣ್ಣು ಒಣಗಿ ಬಿರಿಯುವ ಬಿಸಿಲಿನಲ್ಲಿ, ಹಳ್ಳ ಹರಿದಿದ್ದ ದಾರಿ ಮಾತ್ರ ಕಪ್ಪಗೆ ತೇವವಾಗಿಯೇ ಇರುತ್ತಿತ್ತು, ಹಾವು ಹೊಟ್ಟೆ ಎಳೆದುಕೊಂಡು ಹೋದ ಹಾಗೆ. ಅದರ ಮೇಲೆಯೇ ಕಂಬ ನಿಂತವು, ಕಂಬದ ಮೇಲೆ ಮೋಲ್ಡು ಬಿತ್ತು.

ಗೋಡೆ ಮಾತ್ರ ಏಳಲಿಲ್ಲ. ಕಲ್ಲು ಬರಬೇಕು ಅಂದರು. ಕಲ್ಲು ಬಂತು, ಅದು ಕಾಂಪೌಂಡಿಗೆ ಅಂದರು.

ಹಳ್ಳ ತಿರುಗಿದ ಮೇಲಿನ ಮೊದಲ ಮಳೆಗಾಲಕ್ಕೆ, ಅಂದರೆ ಪೂಜೆಯಾದ ಮರುವರ್ಷ, ಮೋರಿ ಆ ಮೊಣಕೈ ತಿರುವಿನಲ್ಲಿ ಉಕ್ಕಿ ನೇರ ಕೊಟ್ಟಿಗೆಗೆ ಬಂತು. ಹಸುಗಳು ಹೊಟ್ಟೆಮಟ್ಟ ಕೊಚ್ಚೆಯಲ್ಲಿ ಕಿವಿ ಅಲ್ಲಾಡಿಸದೆ ನಿಂತವು. ಕೂಗಲೂ ಇಲ್ಲ. ದನ ಕೂಗದೆ ನಿಂತರೆ ಎಷ್ಟು ಹೆದರಿದೆ ಅಂತ ಸಾಕಿದವನಿಗೆ ಗೊತ್ತು. ಹಿಂಡಿ, ಬೂಸಾ ಎಲ್ಲ ನೀರುಪಾಲು. ಆಮೇಲೆ ಎರಡು ಸೀಮೆ ಹಸುಗಳಿಗೆ ಗೊರಸು ಕೊಳೆತು, ಅವು ಎದ್ದು ನಿಲ್ಲಲೇ ಇಲ್ಲ. ಅವನ್ನು ಕಟುಕರ ಗಾಡಿಗೆ ಎತ್ತಿಸುವಾಗ ಶೈಲಜಮ್ಮ ಒಳಗೆ ಹೋಗಿ ಇಷ್ಟಲಿಂಗ ಹಿಡಿದು ಕೂತವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಶರಣ ನರಸಿಂಹಯ್ಯನ ಆಫೀಸಿಗೆ ಹೋಗಿ ಮೇಜು ಗುದ್ದಿದ. ವಾಚ್‌ಮನ್ ಕತ್ತು ಹಿಡಿದು ಹೊರಗೆ ಬಿಟ್ಟ.

ಇನ್ನೊಂದು ಮಳೆಗಾಲಕ್ಕೆ ಕೊಟ್ಟಿಗೆ ನಿಲ್ಲುವುದಿಲ್ಲ. ಮಣ್ಣಿನ ಗೋಡೆಯ ಬುಡ ಆಗಲೇ ಬೆರಳು ಇಳಿಯುವಷ್ಟು ಮೆತ್ತಗಾಗಿತ್ತು.

ಅದರ ಮರುವರ್ಷ ಅಕ್ಷಯ ತದಿಗೆಗೆ ಗೃಹಪ್ರವೇಶ ಅಂತ ಗೊತ್ತಾಯಿತು. ಮೊದಲು ಬೀಗದ ಕೈ ತೆಗೆದುಕೊಂಡವರು ರಂಗನಾಯಕಿ ಮಿಸ್. ಅವರ ಮನೆ ಹೊಸ್ತಿಲ ಪೂಜೆಯೇ ಇಡೀ ಕಟ್ಟಡದ ಪೂಜೆ. ಮೇಲಿನ ಮನೆಗಳು ಇನ್ನೂ ಅರ್ಧಕ್ಕರ್ಧ ಖಾಲಿ ಇದ್ದವು. ಅದಕ್ಕೇ ನರಸಿಂಹಯ್ಯ ನೋಡಲು ಬರುವ ಗಿರಾಕಿಗಳನ್ನೆಲ್ಲ ಅವತ್ತೇ ಊಟಕ್ಕೆ ಕರೆದಿದ್ದ. ಗೃಹಪ್ರವೇಶ ಅಂದ ಮೇಲೆ ಹಸು ಕರು ಬೇಕು, ಅದೂ ನಾಟಿ ಹಸುವೇ ಆಗಬೇಕು. ಸುತ್ತಮುತ್ತ ಇದ್ದ ಒಂದೇ ನಾಟಿ ಹಸು ಶೈಲಜಮ್ಮನ ಕೆಂಪಿ. ಹಾಲು ಕೊಡುವುದು ಒಂದು ಲೋಟ. ಊರ ಹೊಸ ಮನೆಗಳ ಹೊಸ್ತಿಲು ದಾಟಿ ದಾಟಿಯೇ ತನ್ನ ಮೇವು ತಾನು ದುಡಿಯುತ್ತಿದ್ದವಳು.

“ನಾನು ಹೋಗಲ್ಲ” ಅಂದ ಶರಣ.

“ಮಿಸ್ ಮನೆ ಕಣೋ. ಕರೆದಿರೋದು ಅವ್ರು” ಅಂದಳು ಅಮ್ಮ.

ಹೋದ. ಕೆಂಪಿಯ ಕೋಡಿಗೆ ಅರಿಶಿನ, ಕೊರಳಿಗೆ ಸೇವಂತಿಗೆ. ಬೆನ್ನ ಮೇಲೆ ಹಸಿರು ರವಿಕೆ ಕಣ. ಹಿಂದೆ ಎರಡು ತಿಂಗಳ ಕರು. ಹೊಸ್ತಿಲ ಆಚೆ ನಡುಮನೆಯಲ್ಲಿ ಹೋಮದ ಹೊಗೆ. ಗಾಲಿಕುರ್ಚಿಯಲ್ಲಿ ಶೀನಣ್ಣ, ಜರಿಪಂಚೆ ಉಟ್ಟುಕೊಂಡು, ಓರೆಯಾದ ಬಾಯಲ್ಲೇ ನಗುತ್ತಿದ್ದರು. ಪುರೋಹಿತರು ಕೈ ಬೀಸಿದರು. ಕೆಂಪಿ ಹೊಸ್ತಿಲವರೆಗೆ ಬಂದಳು.

ಬಂದವಳು ನಿಂತಳು. ಮೂಗನ್ನು ನೆಲಕ್ಕೆ ತಂದು ಮೂಸಿ, ಬುಸ್ಸೆಂದು ಉಸಿರು ಬಿಟ್ಟು, ಮುಂಗಾಲು ಎರಡನ್ನೂ ಊರಿಬಿಟ್ಟಳು.

ಶರಣ ಹಗ್ಗ ಸಡಿಲಿಸಿದ. ಬೆಲ್ಲ ತೋರಿಸಿದ. ಕೊರಳಡಿಯ ಗಂಗೆದೊಗಲು ಸವರಿದ. ಉಹೂಂ. ಎಷ್ಟೋ ಮನೆ ದಾಟಿದ ಹಸು ಹೊಸ್ತಿಲ ಒಳಗಿನ ನೆಲವನ್ನೇ ನೋಡುತ್ತ ನಿಂತಿತು. ಕಿವಿ ಅಲ್ಲಾಡಲಿಲ್ಲ. ಕೂಗಲಿಲ್ಲ.

ಹಿಂದೆ ಗುಜುಗುಜು ಎದ್ದಿತು. “ಹಸು ಒಳಗೆ ಹೋಗ್ತಿಲ್ವಂತೆ ಕಣ್ರೀ.” “ನಾವು ಅಡ್ವಾನ್ಸ್ ಕೊಡೋದು ಸ್ವಲ್ಪ ನಿಧಾನ ಮಾಡೋಣ್ವಾ?” ವಾಸ್ತು ಪಂಡಿತ ಸಫಾರಿಯ ಜೇಬಿನಿಂದ ದಿಕ್ಸೂಚಿ ತೆಗೆದು ನೋಡಿ, “ದಿಕ್ಕು ಸರಿಯಾಗೇ ಇದೆ, ಹಸುನೇ ಸರಿಯಿಲ್ಲ” ಅಂದ.

ಶರಣ ಒಳಗೆ ಕಾಲಿಟ್ಟು ನೋಡಿದ. ಬರಿಗಾಲಿಗೆ ತಣ್ಣಗೆ ಹತ್ತಿತು. ಮೊಸಾಯಿಕ್ಕಿನ ಸಂದುಗಳಲ್ಲಿ ಸಣ್ಣ ಸಣ್ಣ ನೀರ ಮಣಿ. ನೆಲ ಬೆವರುತ್ತಿತ್ತು.

“ಬೆಳಿಗ್ಗೆ ನೆಲ ಒರೆಸಿದ್ದಾರೆ, ಅದಕ್ಕೇ ಹಸಿ” ಎಂದ ನರಸಿಂಹಯ್ಯ, ಎಲ್ಲರಿಗೂ ಕೇಳುವ ಹಾಗೆ.

“ಒರೆಸಿದ್ದು ನಿನ್ನೆ” ಅಂದರು ರಂಗನಾಯಕಿ ಮಿಸ್, ತಮಗಷ್ಟೇ ಕೇಳುವ ಹಾಗೆ. ಪಕ್ಕದಲ್ಲೇ ಇದ್ದ ಶರಣನಿಗೂ ಕೇಳಿಸಿತು.

ನರಸಿಂಹಯ್ಯ ಹತ್ತಿರ ಬಂದ. ಕೆಂಪಿಯ ಬೆನ್ನು ತಟ್ಟುವವನ ಹಾಗೆ ಬಗ್ಗಿ, ಶರಣನ ಕಿವಿಗೆ ಬಾಯಿಟ್ಟ. ಬಾಯಿಂದ ಏಲಕ್ಕಿ ವಾಸನೆ.

“ಗೋಡೆ ತಾನೆ ನಿಂಗೆ ಬೇಕಾಗಿರೋದು? ಹಸು ಒಳಗೆ ಬರ್ಲಿ. ನಾಳೆ ಬೆಳಿಗ್ಗೆ ಪಾಯ ತೆಗಿಸ್ತೀನಿ. ಹೆತ್ತ ತಾಯಾಣೆ.”

“ಎರಡು ವರ್ಷದಿಂದ ಇದನ್ನೇ ಹೇಳ್ತಿದೀರ.”

“ಎರಡು ವರ್ಷದಿಂದ ನಂಗೆ ನಿನ್ನ ಅವಶ್ಯಕತೆ ಇರ್ಲಿಲ್ಲ ಕಣೋ. ಇವತ್ತು ಇದೆ.”

ಆ ಮನುಷ್ಯನ ಬಾಯಿಂದ ಬಂದ ಮೊದಲ ನಿಜ ಅದು. ಅದಕ್ಕೇ ಶರಣ ನಂಬಿದ.

ಹಸುವನ್ನು ಒಳಗೆ ಕರೆಯಲು ಒಂದು ದಾರಿ ಯಾವತ್ತೂ ಇದ್ದೇ ಇತ್ತು. ಅವನಿಗೆ ಮನಸ್ಸು ಬಂದಿರಲಿಲ್ಲ, ಅಷ್ಟೇ. ಬಗ್ಗಿ ಕರುವನ್ನು ಎತ್ತಿಕೊಂಡ. ಹೊಸ್ತಿಲು ದಾಟಿ, ಹೋಮಕುಂಡ ಬಳಸಿ, ಒಳಕೋಣೆಯ ಗೋಡೆಯವರೆಗೆ ಹೋಗಿ, ಅಲ್ಲಿ ಕರುವನ್ನು ಇಳಿಸಿ ಕಿವಿ ಹಿಂಡಿದ. ಕರು “ಅಂಬಾ” ಅಂದಿತು. ಕೆಂಪಿಯ ಮೈ ನಡುಗಿತು. ಇನ್ನೊಮ್ಮೆ ಹಿಂಡಿದ. ಕೆಂಪಿ ಒಂದೇ ಸಲಕ್ಕೆ ಹೊಸ್ತಿಲು ಹಾರಿ, ಜಾರಿ ಮೊಣಕಾಲೂರಿ, ಎದ್ದು, ಕರುವಿನ ಹತ್ತಿರ ಓಡಿದಳು. ನಡುಮನೆಯ ಮಧ್ಯಕ್ಕೆ ಸಗಣಿ ಹಾಕಿದಳು, ಗಂಜಲ ಹುಯ್ದಳು.

“ಶುಭ! ಶುಭ!” ಅಂದರು ಪುರೋಹಿತರು. ವಾಲಗ ಗಟ್ಟಿಯಾಯಿತು. ಹೆಂಗಸರು ಗಂಜಲವನ್ನು ತಲೆಗೆ ಪ್ರೋಕ್ಷಿಸಿಕೊಂಡರು. ಅದು ಯಾವ ಪ್ರಾಣಭಯಕ್ಕೆ ಬಂದ ಗಂಜಲ ಅಂತ ಯಾರೂ ಕೇಳಲಿಲ್ಲ. ಊಟದ ಎಲೆ ತೆಗೆಯುವ ಹೊತ್ತಿಗೆ ಐದು ಮನೆ ಬುಕ್ ಆದವು.

ಮಾರನೆಯ ಬೆಳಿಗ್ಗೆ ನಿಜವಾಗಿಯೂ ಪಾಯದ ಆಳುಗಳು ಬಂದರು. ಶರಣ ಬಾಗಿಲಲ್ಲಿ ನಿಂತು ನೋಡಿದ, ನಂಬಿಕೆಯೇ ಬರಲಿಲ್ಲ. ವಾರ ತಿರುಗುವುದರೊಳಗೆ ಕೊಟ್ಟಿಗೆಯ ಉದ್ದಕ್ಕೂ ಸೈಜುಗಲ್ಲಿನ ಗೋಡೆ ಎದ್ದಿತು, ಆಳೆತ್ತರ, ಸಂದಿಗೆಲ್ಲ ಸಿಮೆಂಟು ಹಾಕಿ. ಶೈಲಜಮ್ಮ ಅದಕ್ಕೆ ವಿಭೂತಿ ಹಚ್ಚಿ, ಹೂವಿಟ್ಟು, ಆಳುಗಳಿಗೆಲ್ಲ ಮಜ್ಜಿಗೆ ಕೊಟ್ಟಳು. “ನೋಡಿದ್ಯಾ? ಎಲ್ಲಾದ್ರಲ್ಲೂ ಕೆಟ್ಟದ್ದೇ ಕಾಣ್ತಿದ್ದೆಯಲ್ಲ” ಅಂದಳು. ಎರಡು ವರ್ಷದ ಮೇಲೆ ಅವಳ ಮುಖ ಬಿಚ್ಚಿಕೊಂಡಿತ್ತು. ಅದನ್ನು ನೋಡಿ ಶರಣನೂ ನಕ್ಕುಬಿಟ್ಟ.

ಮೊದಲ ಮಳೆ ಒಂದು ಮಧ್ಯಾಹ್ನ ಬಂತು. ದೊಡ್ಡದೇನಲ್ಲ, ಧೂಳು ಅಡಗಿಸಿ ಹೋಗುವ ಮಳೆ. ಮೋರಿ ತುಂಬಿತು. ಮೊಣಕೈ ತಿರುವಿಗೆ ಬಂದ ನೀರು ಹೊಸ ಗೋಡೆಗೆ ಹೊಡೆಯಿತು, ಹಿಂದಕ್ಕೆ ಬಿತ್ತು, ಸ್ವಲ್ಪ ಹೊತ್ತು ಸುಳಿಯಾಗಿ ನಿಂತು ಯೋಚಿಸಿದಂತೆ ಮಾಡಿ, ಆಮೇಲೆ ಆಚೆಯ ಅಂಚು ಹಾರಿ ಕಟ್ಟಡದ ಕಡೆ ಹೊರಟಿತು. ಅವಸರವಿಲ್ಲ, ಗದ್ದಲವಿಲ್ಲ. ಕಾಂಪೌಂಡಿನ ಗೇಟಿನ ಅಡಿಯಲ್ಲಿ ನುಸುಳಿ, ಕಾರು ನಿಲ್ಲಿಸುವ ಜಾಗ ದಾಟಿ, ಹಳೆಯ ಹಳ್ಳದ ದಾರಿ ಹಿಡಿದು, ಮನೆಗೆ ಬರುವ ಮಗಳ ಹಾಗೆ ನಡೆಯಿತು. ರಂಗನಾಯಕಿ ಮಿಸ್ ಮನೆಯ ಮೆಟ್ಟಿಲು ಮುಟ್ಟಿ ನಿಂತಿತು. ಮಳೆ ನಿಂತಿದ್ದಕ್ಕೆ ನಿಂತಿತು.

ಶರಣನ ಹಿಂದೆ ಸಮರ್ಥ ಛತ್ರಿ ಹಿಡಿದು ನಿಂತಿದ್ದ. ಅವನೂ ನೋಡುತ್ತಿದ್ದ.

“ಗೋಡೆ ಎತ್ತಿದ್ರೆ ಉಕ್ಕಿದ್ದೆಲ್ಲ ಬಿಲ್ಡಿಂಗ್‌ಗೆ ಹೋಗುತ್ತೆ ಅಂತ ಮೊದಲೇ ಹೇಳಿದ್ದೆ ಗುರು ಅವ್ರಿಗೆ” ಎಂದ ಸಮರ್ಥ. “ಅದಕ್ಕೇ ಇಷ್ಟು ದಿನ ಕಟ್ಟಿರ್ಲಿಲ್ಲ.”

“ಮತ್ತೆ ಈಗ್ಯಾಕೆ ಕಟ್ಟಿದ?”

“ಮನೆ ಎಲ್ಲಾ ಮಾರಿ ಆಯ್ತಲ್ಲ. ಇನ್ನು ಅವ್ರದೇನಿದೆ ಇಲ್ಲಿ? ಬನಶಂಕರಿ ಕಡೆ ಹೊಸ ಸೈಟ್ ನೋಡ್ತಿದಾರೆ.”

“ದೊಡ್ಡ ಮಳೆ ಬಂದ್ರೆ?”

ಸಮರ್ಥ ಛತ್ರಿ ಮಡಚಿ ನೀರು ಒದರಿದ. “ನೆಲದ ಮನೆ ಒಳಗೆ ಸೊಂಟಮಟ್ಟ ಬರುತ್ತೆ. ಒಂದು ಗಳಿಗೆ ಸಾಕು. ಆ ಮನೆಯೋರಿಗೆ ಗೊತ್ತಾಗಿ ಕಂಪ್ಲೇಂಟ್ ಕೊಟ್ರೆ ಮೊದಲು ಒಡೆಯೋದು ನಿಮ್ಮ ಗೋಡೆನೇ. ನೀನು ಬಾಯ್ಬಿಡ್ಬೇಡ. ನಾನೂ ಬಿಡಲ್ಲ.” ಸ್ಕೂಟರ್ ಒದ್ದು ಹೊರಟುಹೋದ.

ಶರಣನಿಗೆ ಮೈಯೆಲ್ಲ ಉರಿಯಿತು. ಯಾರನ್ನು ಹೊಡೆಯಬೇಕು? ನರಸಿಂಹಯ್ಯ ಮಾತು ಉಳಿಸಿಕೊಂಡಿದ್ದ. ಸಮರ್ಥ ನಿಜ ಹೇಳಿದ್ದ. ಕರುವಿನ ಕಿವಿ ಹಿಂಡಿದ್ದು ಇವನೇ. ಗೋಡೆಯಾಚೆ ಹಸುಗಳು ಒಣ ನೆಲದ ಮೇಲೆ ಮಲಗಿ ಮೆಲುಕು ಹಾಕುತ್ತಿದ್ದವು, ಅಮ್ಮ ಯಾವುದೋ ವಚನ ಗುನುಗುತ್ತಿದ್ದಳು.

ಸಂಜೆ ಹಾಲು ಹಾಕಲು ರಂಗನಾಯಕಿ ಮಿಸ್ ಮನೆಗೆ ಹೋದ. ಅವರು ಮೆಟ್ಟಿಲ ಮೇಲೆ ಕೂತು ಪೊರಕೆಯಿಂದ ಕೆಸರು ನೂಕುತ್ತಿದ್ದರು. ಇವನು ಕ್ಯಾನಿನಿಂದ ಪಾತ್ರೆಗೆ ಹಾಲು ಅಳೆದ ಮೇಲೆ ಪೊರಕೆಯನ್ನು ಗೋಡೆಗೆ ಒರಗಿಸಿದರು.

“ಶರಣಾ, ಒಂದು ಮಾತು ಹೇಳೋ. ನೀನು ಇಲ್ಲೇ ಹುಟ್ಟಿ ಬೆಳೆದೋನು.”

“ಕೇಳಿ ಮಿಸ್.”

“ನಾನು ಬೆಳಿಗ್ಗೆ ಸ್ಕೂಲಿಗೆ ಹೋದ್ರೆ ಬರೋದು ಸಂಜೆನೇ. ಅಲ್ಲೀವರೆಗೆ ಇವ್ರು ಒಬ್ರೇ. ಮಂಚದಿಂದ ಇಳಿಯೋಕೆ ಆಗಲ್ಲ, ಕೂಗಿದ್ರೆ ಪಕ್ಕದ ಮನೆಗೂ ಕೇಳಿಸಲ್ಲ.” ಅವರು ಒಳಗೆ ನೋಡಿದರು. ಒಳಕೋಣೆಯ ಬಾಗಿಲು ತೆರೆದಿತ್ತು. ತಗ್ಗು ಮಂಚ, ಅದರ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಶೀನಣ್ಣನ ಬೆನ್ನು ಕಾಣುತ್ತಿತ್ತು. ಮಂಚದ ಕಾಲಿನ ಸುತ್ತ ನೆಲ ಕಪ್ಪಗಿತ್ತು. “ನರಸಿಂಹಯ್ಯ ಫೋನ್ ತೆಗೀತಿಲ್ಲ. ಆ ಇಂಜಿನಿಯರ್ ಹುಡುಗ ಏನೂ ಆಗಲ್ಲ ಅಂತಾನೆ. ನೀನು ನಂಗೆ ಯಾವತ್ತೂ ಸುಳ್ಳು ಹೇಳ್ದೋನಲ್ಲ. ಮಳೆಗಾಲದಲ್ಲಿ ಇವ್ರನ್ನ ಇಲ್ಲಿ ಒಬ್ರನ್ನೇ ಬಿಟ್ಟು ಹೋಗ್ಬಹುದೇನೋ?”

ಆಕಾಶ ಬನಶಂಕರಿಯ ಕಡೆಯಿಂದ ಮತ್ತೆ ಕಪ್ಪಾಗುತ್ತಿತ್ತು. ಕೊಟ್ಟಿಗೆಯಲ್ಲಿ ಅಮ್ಮ ಬೂಸಾ ಕಲಸುತ್ತಿದ್ದ ಬಕೆಟ್ಟಿನ ಸದ್ದು ಇಲ್ಲಿಗೂ ಕೇಳುತ್ತಿತ್ತು.

“ಹೇಳೋ, ಶರಣಾ.”

ಶರಣ ಕ್ಯಾನಿನ ಮುಚ್ಚಳ ಒತ್ತಿ ಮುಚ್ಚಿದ. ಅಳತೆಯ ಪಾವನ್ನು ಹಿಡಿಗೆ ಸಿಕ್ಕಿಸಿದ. “ನಾಳೆ ಹಾಲು ಬೇಗ ತರ್ತೀನಿ ಮಿಸ್” ಎಂದು ಪಾತ್ರೆಗೇ ಹೇಳಿದ. ಮೆಟ್ಟಿಲಿಳಿದು, ಗೇಟಿನವರೆಗೂ ಹಬ್ಬಿದ್ದ ಕೆಸರಿನಲ್ಲಿ ಹೆಜ್ಜೆ ಊರುತ್ತ, ಗೋಡೆಯ ಕಡೆಗೆ ನಡೆದ.